ಗೋಷ್ಠಿಯಿಂದ ಶಾಲೆಗೆ: ಗುರುಗಳು ಒಟ್ಟಿಗೆ ಕುಳಿತ ಇತಿಹಾಸ

ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಬೆಟ್ಟವನ್ನು ಹತ್ತಿದವರಿಗೆ ಅಲ್ಲಿಯ ಶಿಥಿಲ ಕೋಟೆ ಸುಪರಿಚಿತ. 12ನೆಯ ಶತಮಾನದಲ್ಲಿ ಅದು ನೊಳಂಬವಾಡಿಯನ್ನಾಳಿದ ಉಚ್ಚಂಗಿಯ ಪಾಂಡ್ಯರ ರಾಜಧಾನಿಯಾಗಿತ್ತು. ಈ ಪಾಂಡ್ಯರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಅದೇ ಶತಮಾನದ ಉತ್ತರಾರ್ಧದಲ್ಲಿ ಹೊಯ್ಸಳರ ಇಮ್ಮಡಿ ವೀರಬಲ್ಲಾಳನು ಈ ದುರ್ಗವನ್ನು ವಶಪಡಿಸಿಕೊಂಡನು. ಪಾಂಡ್ಯರು ಈ ಬೆಟ್ಟದ ಮೇಲಿದ್ದ ಕಾಲದಲ್ಲಿಯೇ ಅವರ ಒಡೆಯರ ರಾಜಧಾನಿಯಾದ ಕಲ್ಯಾಣದಲ್ಲಿ ಬಸವಾದಿ ಶರಣರು ಒಂದೆಡೆ ಸೇರಿ ಅನುಭಾವದ ಮಾತುಗಳನ್ನಾಡುತ್ತಿದ್ದರು.

ಒಂದೇ ಕಾಲದ ಈ ಎರಡು ನೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಕೋಟೆಯಲ್ಲಿ ಮಾತು ಮೇಲಿನಿಂದ ಕೆಳಗೆ ಇಳಿಯುತ್ತದೆ. ಅದರ ಹೆಸರು ಆಜ್ಞೆ. ಗೋಷ್ಠಿಯಲ್ಲಿ ಮಾತು ಕುಳಿತವರ ನಡುವೆ ಸುತ್ತಿ ಬರುತ್ತದೆ. ಅದರ ಹೆಸರು ಅನುಭಾವ. ನಮ್ಮ ಮಕ್ಕಳು ಓದುವ ಶಾಲೆ ಈ ಎರಡರಲ್ಲಿ ಯಾವುದನ್ನು ಹೋಲಬೇಕು? ಗುರುಗಳು ತಮ್ಮತಮ್ಮಲ್ಲಿ ಹೇಗೆ ಕುಳಿತು ಮಾತನಾಡುತ್ತಾರೆ ಎಂಬುದಕ್ಕೂ, ಅವರು ಮಗುವಿನ ಮನಸ್ಸನ್ನು ಮುಟ್ಟುತ್ತಾರೆಯೋ ಇಲ್ಲವೋ ಎಂಬುದಕ್ಕೂ ಸಂಬಂಧವಿದೆಯೇ? ಇತಿಹಾಸದ ಕೆಲವು ಪುಟಗಳನ್ನು ತೆರೆದು ಈ ಪ್ರಶ್ನೆಯನ್ನು ಇಲ್ಲಿ ಚಿಂತಿಸೋಣ.

ಗೋಷ್ಠಿಯ ಲಕ್ಷಣ

ಅನುಭವ ಮಂಟಪವೆಂಬ ಕಟ್ಟಡವೊಂದು ಕಲ್ಯಾಣದಲ್ಲಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಅದರ ಐತಿಹಾಸಿಕತೆಯನ್ನು ಪ್ರತಿಪಾದಿಸಿ ಬರೆದವರಲ್ಲಿ ಪ್ರಮುಖರು ಉತ್ತಂಗಿ ಚನ್ನಪ್ಪನವರು (1881–1962). ಅವರ ಮನೆತನದ ಮೂಲ ನಮ್ಮ ನೆರೆಯ ಹೂವಿನಹಡಗಲಿ ತಾಲೂಕಿನ ಉತ್ತಂಗಿ ಗ್ರಾಮ. ಕ್ರೈಸ್ತ ಧರ್ಮಬೋಧಕರಾಗಿದ್ದ ಅವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದರು, ಶರಣ ಸಾಹಿತ್ಯದ ಸಂಶೋಧನೆಗೂ ಬಾಳನ್ನು ಮುಡಿಪಿಟ್ಟರು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅನ್ಯಧರ್ಮೀಯರೊಬ್ಬರು ಶರಣರ ಗೋಷ್ಠಿಯನ್ನು ಇಷ್ಟು ಆಳವಾಗಿ ಪ್ರೀತಿಸಿದ್ದು ಆ ಗೋಷ್ಠಿಯ ಬಾಗಿಲು ಎಷ್ಟು ವಿಶಾಲವಾಗಿತ್ತೆಂಬುದಕ್ಕೆ ಸಾಕ್ಷಿ.

ಕಟ್ಟಡದ ಮಾತು ಹೇಗೇ ಇರಲಿ, ಶರಣರು ಒಬ್ಬರನ್ನೊಬ್ಬರು ಪ್ರಶ್ನಿಸುತ್ತ, ತಿದ್ದುತ್ತ, ಸ್ಮರಿಸುತ್ತ ವಚನಗಳನ್ನು ನುಡಿದರೆಂಬುದಕ್ಕೆ ವಚನಗಳೇ ಆಧಾರ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಆ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿ ಶೂನ್ಯಸಂಪಾದನೆಯನ್ನು ಸಂಕಲಿಸಿದರು. ಶರಣರ ತತ್ತ್ವವನ್ನು ಹೇಳಲು ಹೊರಟ ಗ್ರಂಥ ಉಪದೇಶದ ರೂಪವನ್ನು ಬಿಟ್ಟು ಸಂಭಾಷಣೆಯ ರೂಪವನ್ನು ಆರಿಸಿಕೊಂಡಿತೆಂಬುದನ್ನು ನಾವು ಗಮನಿಸಬೇಕು.

ಆ ಸಂಭಾಷಣೆಗಳಲ್ಲಿ ಮೂರು ಲಕ್ಷಣಗಳು ಎದ್ದು ಕಾಣುತ್ತವೆ. ಮೊದಲನೆಯದು, ಪ್ರತಿಯೊಬ್ಬರೂ ತಮ್ಮ ಕಾಯಕದ ಅನುಭವದಿಂದ ಮಾತನಾಡುತ್ತಾರೆ. ಅಂಬಿಗನ ಮಾತಿನಲ್ಲಿ ಹೊಳೆಯಿದೆ, ಮಡಿವಾಳನ ಮಾತಿನಲ್ಲಿ ಬಟ್ಟೆಯಿದೆ. ಎರಡನೆಯದು, ಹಿರಿಯರು ಕಿರಿಯರಿಂದ ಕಲಿಯಲು ಸಂಕೋಚಪಡುವುದಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಹೆಸರಾಗಿದ್ದ ಸಿದ್ಧರಾಮೇಶ್ವರರು ಅಲ್ಲಮಪ್ರಭುಗಳ ಕಟುವಾದ ಪ್ರಶ್ನೆಗಳನ್ನು ಎದುರಿಸಿ ಕಲ್ಯಾಣಕ್ಕೆ ಬಂದು, ಕಿರಿಯರಾದ ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರೆಂದು ಪರಂಪರೆ ಹೇಳುತ್ತದೆ. ಮೂರನೆಯದು, ತಪ್ಪನ್ನು ತಿದ್ದುವವರು ಅದೇ ಬದುಕಿನ ಪಾಲುದಾರರು. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯನವರು ಒಮ್ಮೆ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದವರು ಅವರ ಧರ್ಮಪತ್ನಿ ಲಕ್ಕಮ್ಮನವರು. ಆ ತಿದ್ದುವಿಕೆಯಲ್ಲಿ ಅವಮಾನವಿರಲಿಲ್ಲ, ಏಕೆಂದರೆ ಬಡತನವೂ ಕಾಯಕವೂ ಇಬ್ಬರಿಗೂ ಸಮವಾಗಿತ್ತು.

ಸ್ವಾನುಭವದ ಮಾತು, ಕಿರಿಯರಿಂದಲೂ ಕಲಿಯುವ ಮನಸ್ಸು, ಜೊತೆಗಾರರ ತಿದ್ದುವಿಕೆ, ಈ ಮೂರೂ ಇದ್ದಲ್ಲಿ ಗೋಷ್ಠಿ ಇದೆ. ಇವು ಇಲ್ಲದಿದ್ದರೆ ಎಷ್ಟು ಜನ ಸೇರಿದರೂ ಅದು ಬರಿಯ ಸಭೆ.

1916ರ ಎರಡು ದೀಪಗಳು

ಇನ್ನು ಆಧುನಿಕ ಕಾಲಕ್ಕೆ ಬರೋಣ. 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಆರಂಭವಾಯಿತು. ಅದನ್ನು ಕಟ್ಟಿದ ಫ.ಗು. ಹಳಕಟ್ಟಿಯವರೇ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ, ಅಂದರೆ ಕೆ.ಎಲ್.ಇ. ಸಂಸ್ಥೆ ಜನ್ಮತಾಳಿತು. ಅದೇ 1916ರಲ್ಲಿ ಆಗಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವೂ ಸ್ಥಾಪನೆಯಾಯಿತು. ಆಗ ನಮ್ಮ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಗಳೆಲ್ಲ ಆ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು. ಹೀಗೆ ಎರಡು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದೇ ವರ್ಷದಲ್ಲಿ ಎರಡು ಕಡೆ ವಿದ್ಯೆಯ ದೀಪ ಹಚ್ಚಿದರು.

ಬೆಳಗಾವಿಯ ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯನ್ನು ಜನರು ಇಂದಿಗೂ ಸಪ್ತರ್ಷಿಗಳೆಂದು ಗೌರವದಿಂದ ನೆನೆಯುತ್ತಾರೆ. ಅವರಲ್ಲಿ ಶಿ.ಶಿ. ಬಸವನಾಳ ಮತ್ತು ಎಂ.ಆರ್. ಸಾಖರೆಯವರು ಅಧ್ಯಾಪಕರೂ ಹೌದು, ಶರಣ ಸಾಹಿತ್ಯದ ವಿದ್ವಾಂಸರೂ ಹೌದು. ಸಂಸ್ಥೆ ಕಟ್ಟುವುದು, ಪಾಠ ಹೇಳುವುದು, ವಚನಗಳ ಅಧ್ಯಯನ ನಡೆಸುವುದು ಅವರಿಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಪರಿಷ್ಕರಿಸಿ ನಾಡಿಗೆ ಕೊಟ್ಟರು.

ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಲಿಂಗರಾಜ ಕಾಲೇಜನ್ನು ತೆರೆಯಿತು. ಅಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಕೆ.ಆರ್. ಶ್ರೀನಿವಾಸ ಅಯ್ಯಂಗಾರ್ಯರು ತಮಿಳುನಾಡಿನಿಂದ ಬಂದವರು. ಬಸವನಾಳರು ಮತ್ತು ಅವರು ಜೊತೆಗೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. ಆ ಗ್ರಂಥ 1940ರಲ್ಲಿ ಪ್ರಕಟವಾಯಿತು. ಒಬ್ಬರಿಗೆ ವಚನದ ಒಳಮರ್ಮ ಗೊತ್ತು, ಇನ್ನೊಬ್ಬರಿಗೆ ಇಂಗ್ಲಿಷಿನ ನುಡಿಜಾಡು ಗೊತ್ತು. ಒಬ್ಬರ ಜ್ಞಾನ ಇನ್ನೊಬ್ಬರ ಕೊರತೆಯನ್ನು ತುಂಬಿತು. ಭಾಷೆ, ಜಾತಿ, ಪ್ರಾಂತಗಳ ಗೆರೆಯನ್ನು ದಾಟಿ ಇಬ್ಬರು ಅಧ್ಯಾಪಕರು ಒಂದೇ ಮೇಜಿಗೆ ಕುಳಿತದ್ದರಿಂದ ಬಸವಣ್ಣನವರ ನುಡಿ ಕನ್ನಡ ಬಾರದವರಿಗೂ ತಲುಪಿತು. ಶಿಕ್ಷಕರ ಸಹಯೋಗವೆಂದರೆ ಇದೇ. ಅವರನ್ನು ಕೂಡಿಸಿದ್ದು ಇಬ್ಬರೂ ಪ್ರೀತಿಸಿದ ಒಂದು ಕೆಲಸ.

ಹೆಗ್ಗಡದೇವನಕೋಟೆಯ ಪಾಠ

ಪಂಡಿತರ ಸಹಯೋಗ ಸರಿ, ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಇದು ಸಾಧ್ಯವೇ ಎಂದು ಕೇಳಬಹುದು. ಸಾಧ್ಯವೆಂದು ತೋರಿಸಿಕೊಟ್ಟದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕು. ಕಾಡಂಚಿನ, ಬಡತನದ, ಗಿರಿಜನರು ಹೆಚ್ಚಾಗಿರುವ ಆ ತಾಲೂಕಿನಲ್ಲಿ ಮಕ್ಕಳು ಶಾಲೆ ಬಿಡುವುದು ಸಾಮಾನ್ಯವಾಗಿತ್ತು. 1995ರಲ್ಲಿ ಅಲ್ಲಿಯ ಕೆಲವು ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಗೆ ಹೋಗಿ, ಆ ಸಂಸ್ಥೆ ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಚಿಕ್ಕ ಶಾಲೆಗಳನ್ನು ನೋಡಿ ಬಂದರು. ಅಲ್ಲಿ ಮಕ್ಕಳು ಕಾರ್ಡುಗಳ ಸಹಾಯದಿಂದ ತಮ್ಮ ವೇಗಕ್ಕೆ ತಕ್ಕಂತೆ ಕಲಿಯುತ್ತಿದ್ದರು.

ಮರಳಿ ಬಂದ ಶಿಕ್ಷಕರು ಅಲ್ಲಿಯ ಕಾರ್ಡುಗಳನ್ನು ಹಾಗೆಯೇ ತರಲಿಲ್ಲ. ಒಟ್ಟಿಗೆ ಕುಳಿತು ಕನ್ನಡದ ಮಕ್ಕಳಿಗೆ ಯಾವ ಅಕ್ಷರ ಮೊದಲು ಬರಬೇಕು, ಯಾವ ಹಾಡು ಹೊಂದುತ್ತದೆ, ಯಾವ ಚಿತ್ರ ಅವರ ಊರಿನದು ಎಂದು ಚರ್ಚಿಸಿ ತಾವೇ ಕಾರ್ಡುಗಳನ್ನು ರೂಪಿಸಿದರು. ಹೀಗೆ ಹುಟ್ಟಿದ್ದೇ ನಲಿಕಲಿ.

ನಲಿಕಲಿ ತರಗತಿಯ ನೋಟವೇ ಬೇರೆ. ಬೆಂಚುಗಳ ಸಾಲಿಲ್ಲ, ಮಕ್ಕಳು ತಟ್ಟೆಗಳೆಂಬ ಗುಂಪುಗಳಲ್ಲಿ ನೆಲದ ಮೇಲೆ ಸುತ್ತಾಗಿ ಕುಳಿತುಕೊಳ್ಳುತ್ತಾರೆ, ಗುರುಗಳೂ ಅವರ ಜೊತೆ ನೆಲದ ಮೇಲೆಯೇ ಕುಳಿತುಕೊಳ್ಳುತ್ತಾರೆ. ಕೆಲವು ಮಕ್ಕಳಿಗೆ ಶಿಕ್ಷಕರ ಪೂರ್ಣ ಸಹಾಯ, ಕೆಲವರಿಗೆ ಭಾಗಶಃ ಸಹಾಯ, ಕೆಲವರಿಗೆ ಸಹಪಾಠಿಗಳ ಸಹಾಯ, ಕೊನೆಗೆ ಸ್ವಯಂ ಕಲಿಕೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕರಿಹಲಗೆ, ತಲೆಯ ಮೇಲೆ ಅವರ ಚಿತ್ರಗಳನ್ನು ತೂಗುಹಾಕಿದ ಚಪ್ಪರ. ಕಲಿಕೆಯ ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ಮಗುವೇ ಕಂಡುಕೊಳ್ಳಬಹುದು. ಕೆಲವು ದಿನ ಶಾಲೆಗೆ ಬರದ ಮಗು ಮರಳಿ ಬಂದಾಗ, ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹಿಂದುಳಿದೆನೆಂಬ ಅವಮಾನ ಅದಕ್ಕಿಲ್ಲ.

ಶರಣಬಂಧುಗಳೇ, ಇಲ್ಲಿ ಒಂದು ಕ್ರಮವನ್ನು ಗಮನಿಸಿರಿ. ಮೊದಲು ಗುರುಗಳು ಸುತ್ತಾಗಿ ಕುಳಿತರು. ಆಮೇಲೆ ಮಕ್ಕಳು ಸುತ್ತಾಗಿ ಕುಳಿತರು. ಗುರುಗಳು ಒಬ್ಬರಿಂದೊಬ್ಬರು ಕಲಿತದ್ದರಿಂದಲೇ, ಮಕ್ಕಳು ಒಬ್ಬರಿಂದೊಬ್ಬರು ಕಲಿಯಬಲ್ಲರೆಂಬ ನಂಬಿಕೆ ಅವರಲ್ಲಿ ಹುಟ್ಟಿತು.

ಗೋಷ್ಠಿ ಸುತ್ತೋಲೆಯಾದಾಗ

ನಲಿಕಲಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ವಿಸ್ತರಿಸಿತು. ಇದು ಹೆಮ್ಮೆಯ ಸಂಗತಿ. ಆದರೆ ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ಆ ಕಾರ್ಡುಗಳು ತಮ್ಮ ಕೂಸು. ಉಳಿದೆಡೆಗೆ ಅವು ಮುದ್ರಣಗೊಂಡ ಪೆಟ್ಟಿಗೆಯಲ್ಲಿ ಬಂದವು. ಕಾರ್ಡು ಬಂತು, ಕಾರ್ಡನ್ನು ಹುಟ್ಟಿಸಿದ ಮಾತುಕತೆ ಅದರ ಜೊತೆ ಬರಲಾರದು. ಸ್ವಂತ ಪ್ರಯತ್ನದಿಂದ ಆ ಮಾತುಕತೆಯನ್ನು ತಮ್ಮ ಶಾಲೆಯಲ್ಲಿ ಮತ್ತೆ ಹುಟ್ಟಿಸಿಕೊಂಡ ಶಿಕ್ಷಕರಿಗೆ ನಲಿಕಲಿ ಒಲಿಯಿತು; ಉಳಿದವರಿಗೆ ಅದು ಇನ್ನೊಂದು ಆದೇಶವಾಯಿತು. ವಚನವನ್ನು ಕಂಠಪಾಠ ಮಾಡಿದವರೆಲ್ಲ ಶರಣರಾಗುವುದಿಲ್ಲವಷ್ಟೆ.

ಶಿಕ್ಷಕರು ಕೂಡಿ ಕುಳಿತುಕೊಳ್ಳಲಿ ಎಂಬ ಸದಾಶಯ ಸರ್ಕಾರಕ್ಕೂ ಬಹುಕಾಲದಿಂದ ಇದೆ. 1964–66ರ ಕೊಠಾರಿ ಆಯೋಗವು ನೆರೆಹೊರೆಯ ಶಾಲೆಗಳು ಒಂದು ಸಂಕುಲವಾಗಿ ಕೆಲಸ ಮಾಡಬೇಕೆಂದು ಸೂಚಿಸಿತ್ತು. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೂಲಕ ಸಮೂಹ ಸಂಪನ್ಮೂಲ ಕೇಂದ್ರಗಳು ಬಂದವು. ಕೆಲವು ಶಾಲೆಗಳ ಶಿಕ್ಷಕರು ಅಲ್ಲಿ ನಡೆಸುವ ಸಭೆಗೆ ಸಮಾಲೋಚನಾ ಸಭೆಯೆಂದೇ ಹೆಸರು. ಎಷ್ಟು ಸೊಗಸಾದ ಹೆಸರು! ಒಟ್ಟಿಗೆ ಆಲೋಚಿಸುವ ಸಭೆ. ಆದರೆ ಅಂಕಿ ಅಂಶ ಒಪ್ಪಿಸುವುದರಲ್ಲಿ, ಸುತ್ತೋಲೆ ಓದಿ ಹೇಳುವುದರಲ್ಲಿ ಮಧ್ಯಾಹ್ನ ಕಳೆದುಹೋದರೆ ಆಲೋಚನೆಗೆ ಎಡೆಯೆಲ್ಲಿ? ಆಗ ಕೋಟೆಯ ಮಾತು ಗೋಷ್ಠಿಯ ಉಡುಪು ಧರಿಸಿ ಬಂದಂತಾಗುತ್ತದೆ.

ಜಪಾನಿನ ಶಿಕ್ಷಕರಲ್ಲಿ ಇದಕ್ಕೆ ಪರಿಹಾರವಾಗಬಲ್ಲ ಒಂದು ಹಳೆಯ ರೂಢಿಯಿದೆ. ಹಲವು ಶಿಕ್ಷಕರು ಕೂಡಿ ಒಂದೇ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ; ಒಬ್ಬರು ಅದನ್ನು ಬೋಧಿಸುತ್ತಾರೆ; ಉಳಿದವರು ತರಗತಿಯಲ್ಲಿ ನಿಂತು ಮಕ್ಕಳನ್ನು ನೋಡುತ್ತಾರೆ. ಯಾವ ಮಗು ಎಲ್ಲಿ ಎಡವಿತು, ಯಾವ ಮಗುವಿನ ಮುಖ ಯಾವ ಕ್ಷಣದಲ್ಲಿ ಅರಳಿತು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಕುಳಿತು ಪಾಠವನ್ನು ತಿದ್ದುತ್ತಾರೆ. ಪಾಠ ಎಲ್ಲರದಾದ್ದರಿಂದ ತಪ್ಪೂ ಎಲ್ಲರದು. ಲಕ್ಕಮ್ಮನವರ ತಿದ್ದುವಿಕೆಯ ಗುಣ ಇದರಲ್ಲಿಯೂ ಇದೆಯಲ್ಲವೇ?

ನಮ್ಮ ಸೀಮೆಯ ಮಗು

ಈಗ ಉಚ್ಚಂಗಿದುರ್ಗದ ಸುತ್ತಲಿನ ನಮ್ಮ ಮಕ್ಕಳ ಕಡೆಗೆ ಬರೋಣ. ಈ ಸೀಮೆಯ ಆಡಳಿತ ಹಲವು ಸಲ ಬದಲಾಯಿತು. 1800ರಲ್ಲಿ ನಿಜಾಮನಿಂದ ಬ್ರಿಟಿಷರಿಗೆ ಹೋಯಿತು, 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹರಪನಹಳ್ಳಿ ತಾಲೂಕು ದಾವಣಗೆರೆ ಜಿಲ್ಲೆಗೆ ಸೇರಿತು, ಮುಂದೆ ಮರಳಿ ಬಳ್ಳಾರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಬದಲಾದರೂ ಮಳೆ ನಂಬಿದ ಬದುಕು ಬದಲಾಗಲಿಲ್ಲ. ಬೆಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಈ ಭಾಗದ ಬಡವರಿಗೆ ಹೊಸತಲ್ಲ. ಗುಳೆ ಹೊರಟ ಕುಟುಂಬದ ಜೊತೆ ಮಗುವೂ ಹೊರಡುತ್ತದೆ, ಹಾಜರಿ ಪುಸ್ತಕದಲ್ಲಿ ಒಂದು ಸಾಲು ಬರಿದಾಗುತ್ತದೆ.

ಇದಕ್ಕಿಂತಲೂ ನೋವಿನ ಸಂಗತಿಯೊಂದಿದೆ. ಉಚ್ಚಂಗಿಯ ಬೆಟ್ಟದ ದೇವಿಯ ಸನ್ನಿಧಿಯಲ್ಲಿ ಭರತ ಹುಣ್ಣಿಮೆಗೆ ಅಪಾರ ಭಕ್ತರು ಸೇರುತ್ತಾರೆ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಅನಿಷ್ಟ ಪದ್ಧತಿಯ ನೆರಳು ಆ ಹುಣ್ಣಿಮೆಯ ಮೇಲೆ ಬಹುಕಾಲ ಬಿದ್ದಿತ್ತು. ರಾಜ್ಯವು 1982ರಲ್ಲಿ ಈ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಮಾಡಿತು. ಆದರೂ 1993–94 ಮತ್ತು 2007–08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿ ಮಹಿಳೆಯರನ್ನು ಗುರುತಿಸಲಾಯಿತು. ಅವರಲ್ಲಿ ಬಹುತೇಕರು ದಲಿತ ಕುಟುಂಬಗಳಿಗೆ ಸೇರಿದವರು. ಈ ಪದ್ಧತಿಗೆ ಬಲಿಯಾಗುವ ಹೆಣ್ಣುಮಗು ಶಾಲೆಯ ವಯಸ್ಸಿನ ಮಗುವೆಂಬುದನ್ನು ನಾವು ಮರೆಯಬಾರದು.

ಶರಣರ ಗೋಷ್ಠಿ ಇಂಥವರನ್ನು ಹೊರಗಿಡಲಿಲ್ಲ. ಸೂಳೆ ಸಂಕವ್ವೆ ಎಂಬ ಶರಣೆಯ ವಚನವೊಂದು ನಮಗೆ ಉಳಿದುಬಂದಿದೆ. ಸಮಾಜ ಹೆಸರಿಟ್ಟು ಹೀಗಳೆದ ಬದುಕಿನಿಂದ ಬಂದ ಆಕೆ ತನ್ನ ಆ ಬದುಕಿನ ಮಾತಿನಲ್ಲಿಯೇ ವ್ರತನಿಷ್ಠೆಯನ್ನು ನುಡಿದಳು, ಶರಣರು ಆ ನುಡಿಯನ್ನು ಉಳಿಸಿಕೊಂಡರು. ದೇವದಾಸಿ ತಾಯಿಯ ಮಗುವೊಂದು ಇಂದು ತರಗತಿಯಲ್ಲಿ ತಂದೆಯ ಹೆಸರು ಕೇಳಿದಾಗ ತಲೆತಗ್ಗಿಸಿದರೆ, ಆ ಮಗುವಿಗೆ ನಾವು ಸಂಕವ್ವೆಗೆ ಸಿಕ್ಕ ಆಸನವನ್ನು ಇನ್ನೂ ಕೊಟ್ಟಿಲ್ಲವೆಂದೇ ಅರ್ಥ.

ಇಂಥ ಮಗುವನ್ನು ಶಾಲೆ ಉಳಿಸಿಕೊಳ್ಳುವುದು ಹೇಗೆ? ಒಬ್ಬ ಶಿಕ್ಷಕರಿಂದ ಇದು ಆಗದು. ಯೋಚಿಸಿ ನೋಡಿರಿ: ಹುಡುಗಿಯೊಬ್ಬಳು ವಾರಕ್ಕೆರಡು ದಿನ ಬರುತ್ತಿಲ್ಲವೆಂಬುದು ಗಣಿತದ ಮೇಷ್ಟ್ರಿಗೆ ಗೊತ್ತು. ಅವಳ ನಿಬಂಧದಲ್ಲಿ ಭಯದ ಮಾತೊಂದು ಬಂದದ್ದು ಕನ್ನಡದ ಮೇಡಂಗೆ ಗೊತ್ತು. ಆಟದ ಹೊತ್ತಿನಲ್ಲಿ ಅವಳು ಒಂಟಿಯಾಗಿ ಕೂರುವುದು ದೈಹಿಕ ಶಿಕ್ಷಕರಿಗೆ ಗೊತ್ತು. ಅವಳು ಊಟವನ್ನು ಡಬ್ಬಿಗೆ ತುಂಬಿ ಮನೆಗೆ ಒಯ್ಯುವುದು ಬಿಸಿಯೂಟದ ಅಮ್ಮನಿಗೆ ಗೊತ್ತು. ನಾಲ್ವರಿಗೂ ಒಂದೊಂದು ತುಣುಕು ಗೊತ್ತು, ಮಗು ಯಾರಿಗೂ ಗೊತ್ತಿಲ್ಲ. ಈ ನಾಲ್ವರು ಒಂದು ದಿನ ಒಟ್ಟಿಗೆ ಕುಳಿತರೆ ಆ ತುಣುಕುಗಳು ಕೂಡಿ ಒಂದು ಮುಖವಾಗುತ್ತವೆ. ಆಗ ಮನೆಗೆ ಹೋಗಿ ಮಾತನಾಡುವವರು ಯಾರು, ತಾಯಿಗೆ ಧೈರ್ಯ ಹೇಳುವವರು ಯಾರು, ಅಗತ್ಯವಾದರೆ ಅಧಿಕಾರಿಗಳಿಗೆ ತಿಳಿಸುವವರು ಯಾರು ಎಂದು ನಿರ್ಧರಿಸಬಹುದು. ಕುಳಿತುಕೊಳ್ಳದಿದ್ದರೆ, ಹುಣ್ಣಿಮೆ ಕಳೆದ ಮೇಲೆ ಖಾಲಿ ಜಾಗ ಮಾತ್ರ ಕಾಣುತ್ತದೆ.

ಆ ಗೋಷ್ಠಿಯಲ್ಲಿ ಅಡುಗೆಯ ತಾಯಿಗೂ ಆಸನವಿರಬೇಕು. 2002–03ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಆರಂಭವಾದ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ದಾಸೋಹ ಶರಣರ ಪದ. ಅನ್ನ ಬಡಿಸುವವರನ್ನು ಜ್ಞಾನದ ಗೋಷ್ಠಿಯಿಂದ ಹೊರಗಿಟ್ಟು ಆ ಪದವನ್ನು ಬಳಸುವುದು ಶರಣರಿಗೆ ಒಪ್ಪಿಗೆಯಾದೀತೇ?

ಮಕ್ಕಳ ಪ್ರಶ್ನೆಗೂ ಅಲ್ಲಿ ಸ್ಥಾನ ಬೇಕು. 2019ರ ಆಗಸ್ಟ್ ತಿಂಗಳಿನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಶ್ರೀಗಳ ನೇತೃತ್ವದಲ್ಲಿ ನಾಡಿನ ಜಿಲ್ಲೆ ಜಿಲ್ಲೆಗಳಲ್ಲಿ ನಡೆದ ಮತ್ತೆ ಕಲ್ಯಾಣ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳೊಂದಿಗೆ ಸಂವಾದಕ್ಕೆ ಪ್ರತ್ಯೇಕ ವೇಳೆಯನ್ನು ಮೀಸಲಿಟ್ಟಿದ್ದರು. ಸ್ವಾಮಿಗಳು ಮಕ್ಕಳ ಪ್ರಶ್ನೆಗೆ ಉತ್ತರಿಸಬಹುದಾದರೆ ಶಿಕ್ಷಕರಿಗೆ ಸಂಕೋಚವೇಕೆ?

ನಾವು ಮಾಡಬಹುದಾದುದು

ಶ್ರೀಮಠದ ಭಕ್ತರಲ್ಲಿ ಶಿಕ್ಷಕರಿದ್ದೀರಿ, ಪಾಲಕರಿದ್ದೀರಿ. 2001ರಲ್ಲಿ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಸದಸ್ಯರಾಗಿ ಸೇವೆ ಸಲ್ಲಿಸುತ್ತಿರುವವರೂ ಇದ್ದೀರಿ. ಕಟ್ಟಡಕ್ಕೆ, ಗೇಟಿಗೆ, ಧ್ವಜಕಟ್ಟೆಗೆ ದಾನ ಕೊಡುವುದು ಒಳ್ಳೆಯದೇ. ಅದರ ಜೊತೆಗೆ ನಿಮ್ಮ ಊರಿನ ಶಾಲೆಯ ಗುರುಗಳಿಗೆ ತಿಂಗಳಿಗೆ ಒಂದು ಗಂಟೆಯನ್ನು ದೊರಕಿಸಿಕೊಡಿರಿ. ಆ ಗಂಟೆಯಲ್ಲಿ ಸುತ್ತೋಲೆ ಬೇಡ, ಭಾಷಣ ಬೇಡ, ಹಾರ ತುರಾಯಿ ಬೇಡ. ಒಂದು ಪಾಠದ ಬಗ್ಗೆ, ಒಂದು ಮಗುವಿನ ಬಗ್ಗೆ ಎಲ್ಲರೂ ಮಾತನಾಡಲಿ. ನಿನ್ನೆ ಸೇವೆಗೆ ಸೇರಿದ ಅತಿಥಿ ಶಿಕ್ಷಕಿಯ ಮಾತನ್ನು ಮುಖ್ಯೋಪಾಧ್ಯಾಯರು ಕೇಳಲಿ. ಸಿದ್ಧರಾಮೇಶ್ವರರು ಕಿರಿಯರ ಮುಂದೆ ಕುಳಿತದ್ದರಿಂದ ಅವರ ಹಿರಿತನ ಕಡಿಮೆಯಾಗಲಿಲ್ಲ.

ಶಿಕ್ಷಕರಾದ ಶರಣರಲ್ಲಿ ಒಂದು ವಿಶೇಷ ಬಿನ್ನಹ. ಬರುವ ಭರತ ಹುಣ್ಣಿಮೆಗೆ ಒಂದು ತಿಂಗಳು ಮೊದಲೇ ನಿಮ್ಮ ಹಾಜರಿ ಪುಸ್ತಕವನ್ನು ಎಲ್ಲರೂ ಕೂಡಿ ತೆರೆದು ನೋಡಿರಿ. ಪ್ರತಿಯೊಂದು ಹೆಸರಿನ ಮುಂದೆ ಬೆರಳಿಟ್ಟು, ಈ ಮಗು ನಮ್ಮಲ್ಲಿ ಯಾರಿಗೆ ಚೆನ್ನಾಗಿ ಗೊತ್ತು ಎಂದು ಕೇಳಿಕೊಳ್ಳಿರಿ. ಯಾರಿಗೂ ಗೊತ್ತಿಲ್ಲವೆಂಬ ಉತ್ತರ ಬಂದ ಹೆಸರಿನ ಮನೆಗೆ ಅದೇ ದಿನ ಸಂಜೆ ಇಬ್ಬರು ಹೋಗಿ ಬನ್ನಿರಿ.